ಗಾರೆ ಕರಗಿಸಿದ ಕ್ಯಾರೆಟ್

ನಮ್ಮೆಜಮಾನರು ಮೇಸ್ತ್ರಿ. ಈ ಬೀದಿಯ ಅರ್ಧ ಗೋಡೆಗಳು ಎದ್ದಿದ್ದು ಅವರ ಕೈಯಲ್ಲೇ. ಪಾರ್ಶ್ವವಾಯು ಬಡಿದ ಮೇಲೆ ಗಂಟಲು ಹೇಳಿದ ಮಾತು ಕೇಳಲ್ಲ, ಎಲ್ಲಾ ನುಣ್ಣಗೆ ರುಬ್ಬಿ ಕೊಡಬೇಕು. ಬಟ್ಟಲು ಮುಂದಿಟ್ಟರೆ, "ಇದೇನೇ, ಗಾರೆ ಕಲಸಿ ತಂದ್ಯಾ?" ಅಂತ ತೊದಲಿ ಮುಖ ತಿರುಗಿಸೋರು. ಬೈದೆ, ಗೋಗರೆದೆ. ಜಪ್ಪಯ್ಯ ಅಂದರೂ ಬಾಯಿ ತೆಗೆಯಲಿಲ್ಲ. ಸೋಮವಾರದೊಳಗೆ ಸರಿಯಾಗಿ ತಿನ್ನದಿದ್ದರೆ ಮೂಗಿನಿಂದ ಟ್ಯೂಬ್ ಹಾಕ್ತೀವಿ ಅಂದರು ಡಾಕ್ಟರು.

ಮಗಳು ತರಕಾರಿ ಪರೀಕ್ಷೆ ಮಾಡೋ ಲ್ಯಾಬಿನಲ್ಲಿದ್ದಾಳೆ. "ಅಮ್ಮಾ, ಕ್ಯಾರೆಟ್ಟಿನ ಒಂದೊಂದು ಕೋಶಕ್ಕೂ ಗೋಡೆ ಇದೆ. ಸೆಲ್ಯುಲೋಸ್ ಅಂತ, ಸೌದೆಯಲ್ಲೂ ಇರೋ ಗಟ್ಟಿ ಎಳೆಗಳು, ನಡುವೆ ಗಾರೆ ಥರ ಪೆಕ್ಟಿನ್. ಎರಡೂ ಸಕ್ಕರೆ ಸರಪಣಿಗಳೇ. ಕಿಣ್ವ ಹಾಕಿ ಗಾರೆಯಷ್ಟನ್ನೇ ಕರಗಿಸಿದರೆ ಕ್ಯಾರೆಟ್ಟಿನ ಆಕಾರ ಹಾಗೇ ಇರುತ್ತೆ, ನಾಲಿಗೆಯಲ್ಲೇ ಒತ್ತಿ ನುಂಗಬಹುದು," ಅಂದಳು.

"ಸಕ್ಕರೆ ಅಂತೀಯ, ಮತ್ತೆ ಸೌದೆ ಯಾಕೆ ಸಿಹಿ ಇಲ್ಲ?"

"ಅಮ್ಮಾ, ನಿನಗೊಂದು ದೊಡ್ಡ ನಮಸ್ಕಾರ!"

ಶನಿವಾರ ಅವಳ ಆತುರಕ್ಕೆ ಕಿಣ್ವ ಜಾಸ್ತಿಯಾಯ್ತು. ಚಮಚ ತಾಗಿಸಿದ್ದೇ ತಡ, ಕ್ಯಾರೆಟ್ ಕುಸಿದು ಮುದ್ದೆಯಾಯ್ತು. "ಮೇಸ್ತ್ರಿ ಮಗಳು ಕಟ್ಟಿದ ಗೋಡೆ!" ಅಂತ ಅವರು ಕಣ್ಣು ಮುಚ್ಚಿಕೊಂಡರು. ಮಗಳು ಅಡುಗೆಮನೆಗೆ ಬಂದು ನೆಲದ ಮೇಲೆ ಕೂತು ಅತ್ತಳು. "ಅಳ್ತಾ ಕೂತರೆ ಗೋಡೆ ಏಳುತ್ತೇನೇ? ಎದ್ದು ಇನ್ನೊಂದು ಮಾಡು," ಅಂತ ಗದರಿದೆ. ನನಗೂ ಅಳು ಒತ್ತರಿಸಿ ಬಂದಿತ್ತು.

ಭಾನುವಾರ ಮಗಳು ಕಿಣ್ವ ಕಡಿಮೆ ಹಾಕಿ ಮತ್ತೆ ಮಾಡಿದಳು. ನುಂಗೋದು ಕಲಿಸೋಕೆ ಬರೋ ನರ್ಸಮ್ಮ ಒಂದು ಬಿಲ್ಲೆ ಹಿಸುಕಿ ನೋಡಿ, ಧೈರ್ಯವಾಗಿ ಕೊಡಿ ಅಂದರು. ತಟ್ಟೆಯಲ್ಲಿ ದುಂಡನೆಯ ಕ್ಯಾರೆಟ್ ಬಿಲ್ಲೆಗಳು. ಇವರು ಅಂಚು ಸವರಿ ನೋಡಿದರು, ಒಂದನ್ನು ಬಾಯಿಗಿಟ್ಟರು. ಒತ್ತಿದರು, ನುಂಗಿದರು. ಕೆಮ್ಮಲಿಲ್ಲ! ಎರಡನೆಯದೂ ಹೋಯ್ತು. ಮಗಳು ನನ್ನ ತೋಳು ಚಿವುಟಿದಳು.

ಮೂರನೆಯದನ್ನು ಎತ್ತಿ ನನ್ನ ಬಾಯಿಯತ್ತ ಹಿಡಿದರು.

"ನೀವು ತಿನ್ರೀ. ನಂದು ಆಯ್ತು."

"ಸುಳ್ಳು ಬೊಗಳಬೇಡ. ದಿನಾ ಅಡುಗೆಮನೆ ಬಾಗಿಲು ಮುಚ್ಕೊಂಡು ನಿಂತೇ ತಿಂತೀಯ. ನನಗೆ ಆಸೆ ಆಗಬಾರದು ಅಂತ." ಒಂದೊಂದು ಮಾತಿಗೂ ಉಸಿರು ಎಳೆದುಕೊಂಡರು. "ಒಬ್ಬನೇ ತಿನ್ನೋಕಾಗಲ್ಲ ಕಣೇ. ಕೂತ್ಕೋ."

ಕೂತೆ. ಆಮೇಲೆ ಮಗಳಿಗೆ, "ಏನೇ ನೋಡ್ತಾ ನಿಂತಿದ್ದೀಯ? ನನಗೂ ಒಂದು ತಟ್ಟೆ ತಾ," ಅಂತ ರೇಗಿದೆ.