ಗಂಗಾಧರನ ಬೆನ್ನುನೋವು

ಬಸವಮ್ಮನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬುದು ಬಾಳೆಹೊನ್ನೂರಿಗೆಲ್ಲ ಗೊತ್ತು. ಕೆಟ್ಟ ಹೆಂಗಸಲ್ಲ, ಪಾಪ. ಖುಷಿಯಾದರೂ ತಡೆಯದು, ಸಂಕಟವಾದರೂ ತಡೆಯದು, ಯಾರಿಗಾದರೂ ಹೇಳಿದ ಮೇಲೆಯೇ ಆಕೆಗೆ ಊಟ ಸೇರುವುದು. ಹೋದ ವರ್ಷ ಸೊಸೆ ಮೇಘನ ಮಗುವಾಗಲೆಂದು ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೊದಲ ಸಲ ಚಿಕಿತ್ಸೆ ಮಾಡಿಸಿಕೊಂಡು ಬಂದು ಚಪ್ಪಲಿ ಬಿಡುವುದರೊಳಗೆ, ಕೊಪ್ಪದಲ್ಲಿರುವ ಅಕ್ಕ ದಾಕ್ಷಾಯಣಮ್ಮನಿಗೆ ಬಸವಮ್ಮನ ಫೋನು ಹೋಗಿತ್ತು. ಅಲ್ಲಿಂದ ಸುದ್ದಿ ನರಸಿಂಹರಾಜಪುರಕ್ಕೆ, ಅಲ್ಲಿಂದ ಸೀತೂರಿನ ನೆಂಟರ ಮನೆಗೆ. ಆ ಚಿಕಿತ್ಸೆ ಫಲಿಸಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಫೋನು ಮಾಡಿ "ಎಂತ ಆಯ್ತೇ?" ಎಂದು ಕೇಳುವುದು, ಇವಳು "ಎಂತೂ ಆಗ್ಲಿಲ್ಲ" ಎನ್ನುವುದು. ಒಂದೇ ದುಃಖವನ್ನು ಅಷ್ಟು ಜನರ ಮುಂದೆ ಪಟ್ಟು ಮೇಘನ ಸೋತುಹೋದಳು.

ಅದಕ್ಕೇ ಈ ಸಲ ಮತ್ತೆ ಚಿಕಿತ್ಸೆ ಶುರುಮಾಡುವಾಗ ಗಂಡನಿಂದ ಆಣೆ ಹಾಕಿಸಿಕೊಂಡಳು. ಖಾತ್ರಿಯಾಗುವ ತನಕ ಅಮ್ಮನಿಗೆ ಹೇಳಕೂಡದು. ಗಂಗಾಧರ ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. ಮೋಟಾರು ಬಿಚ್ಚಿ ಜೋಡಿಸುವುದರಲ್ಲಿ ನಿಸ್ಸೀಮ, ಸುಳ್ಳು ಜೋಡಿಸುವುದರಲ್ಲಿ ಮಹಾ ದಡ್ಡ. ಶಿವಮೊಗ್ಗಕ್ಕೆ ಎಂತಕ್ಕೋ ಹೀಗೆ ಓಡಾಡ್ತೀರಿ ಎಂದು ಅಮ್ಮ ಕೇಳಿದ್ದಕ್ಕೆ, "ಬೆನ್ನು ನೋವಮ್ಮ, ಮೋಟಾರು ಎತ್ತಿ ಎತ್ತಿ ಹಿಡ್ಕೊಂಡಿದೆ" ಎಂದುಬಿಟ್ಟ.

ತಗೊಳ್ಳಿ, ಶುರುವಾಯಿತು. ಮಗನ ಬೆನ್ನು ಸರಿಮಾಡಲು ಬಸವಮ್ಮ ಟೊಂಕ ಕಟ್ಟಿ ನಿಂತಳು. ಸಂಜೆಯಾದರೆ ಲಕ್ಕಿ ಸೊಪ್ಪು ಕುದಿಸಿ, ಅವನನ್ನು ಬಚ್ಚಲಲ್ಲಿ ಕೂರಿಸಿ, ಸುಡುಸುಡು ನೀರು ಬೆನ್ನಿಗೆ ಹೊಯ್ಯುವಳು. ಚರ್ಮ ಕೆಂಪಗಾದರೂ ಆಣೆ ಹಾಕಿದವನು ಬಾಯಿ ಬಿಡುವಂತಿಲ್ಲ. ಇಷ್ಟಕ್ಕೇ ನಿಂತಿದ್ದರೆ ಮೇಘನ ಒಳಗೊಳಗೇ ನಕ್ಕು ಸುಮ್ಮನಿರುತ್ತಿದ್ದಳು. ಆದರೆ ಮಗ ಎತ್ತಬಾರದ ಭಾರವೆಲ್ಲ ಸೊಸೆಯ ಪಾಲಿಗೆ ಬಂತು. ನೀರಿನ ಕೊಡ ಅವಳಿಗೆ, ಗ್ಯಾಸ್ ಸಿಲಿಂಡರ್ ಅವಳಿಗೆ.

ಭ್ರೂಣವನ್ನು ಗರ್ಭಕ್ಕೆ ಸೇರಿಸಿ ಕಳಿಸುವಾಗ ಡಾಕ್ಟರು, ಮಾಮೂಲಿನಂತೆ ಓಡಾಡಿಕೊಂಡಿರಿ, ಭಾರ ಮಾತ್ರ ಎತ್ತಬೇಡಿ ಎಂದಿದ್ದರು. ಗರ್ಭ ನಿಂತಿದೆಯೋ ಇಲ್ಲವೋ ತಿಳಿಯಲು ರಕ್ತಪರೀಕ್ಷೆಯವರೆಗೆ ಕಾಯಲೇಬೇಕು. ಆ ಕಾಯುವುದೇ ಮೇಘನಳನ್ನು ಹಿಂಡಿಹಾಕಿತು. ಸೀನು ಬಂದರೆ ಭಯ, ಹೊಟ್ಟೆ ಚುರ್ ಎಂದರೆ ಭಯ, ಏನೂ ಅನ್ನಿಸದಿದ್ದರೆ ಇನ್ನೂ ಭಯ. ಹೇಳಿಕೊಂಡು ಹಗುರಾಗೋಣವೆಂದರೆ ಮನೆಯಲ್ಲಿರುವ ಇನ್ನೊಂದು ಹೆಣ್ಣುಜೀವ ಅತ್ತೆ, ಆಕೆಯ ಮುಂದೆಯೇ ಬಾಯಿಗೆ ಬೀಗ. ಕೊಡ ಬಿಟ್ಟು ಚೊಂಬಿನಲ್ಲಿ ನೀರು ತುಂಬಿಸಿ ಹೇಗೋ ಕಾಲ ತಳ್ಳುತ್ತಿದ್ದಳು.

ಹೀಗಿರುವಾಗ ಮಿಲ್ಲಿನಿಂದ ಅಕ್ಕಿ ಮೂಟೆ ಬಂದು ಜಗುಲಿಯಲ್ಲಿ ಕೂತಿತು. ಗಂಗಾಧರ ಒಳಗೆ ಬೆನ್ನ ಮೇಲೆ ಬಿಸಿ ಸೊಪ್ಪು ಹೇರಿಸಿಕೊಂಡು ಬೋರಲು ಮಲಗಿದ್ದ.

"ಬಾರೆ ಮೇಘನ, ಆಚೆ ತುದಿ ಹಿಡಿ. ಇಬ್ರೂ ಸೇರಿ ಒಳಗೆ ಹಾಕಿಬಿಡೋಣ" ಎಂದಳು ಬಸವಮ್ಮ.

"ಇರ್ಲಿ ಬಿಡಿ ಅತ್ತೆ. ಆಮೇಲೆ ಯಾರನ್ನಾದ್ರೂ ಕರೆದ್ರಾಯ್ತು."

"ಯಾರು ಬರ್ತಾರೆ? ಮಳೆಯ ಇರಚಲು ಹೊಡೆದ್ರೆ ಅಕ್ಕಿ ನೆನೆಯುತ್ತೆ ಮಾರಾಯ್ತಿ. ಹಿಡಿ."

ಮಂಡಿನೋವಿನ ಮುದುಕಿ ಆಗಲೇ ಬಗ್ಗಿ ಮೂಟೆಯ ಮೂಲೆ ಹಿಡಿದಾಗಿತ್ತು. ನಿಂತು ನೋಡುವುದು ಹೇಗೆ? ಮೇಘನ ಬಗ್ಗಿದಳು. ಕೈ ಗೋಣಿಗೆ ತಾಗಿತ್ತಷ್ಟೆ.

"ಮುಟ್ಬೇಡ ಮೇಘನ" ಎಂದು ಒಳಗಿನಿಂದ ಕೂಗುತ್ತ ಗಂಗಾಧರ ಬಂದ. ಬೆನ್ನಿನ ಸೊಪ್ಪೆಲ್ಲ ದಾರಿಯುದ್ದಕ್ಕೂ ಉದುರಿತು. ಮೂಟೆಯನ್ನು ಒಂದೇ ಸಲಕ್ಕೆ ಹೆಗಲಿಗೇರಿಸಿ, ಅಡುಗೆಮನೆಯ ಮೂಲೆಯಲ್ಲಿ ಧೊಪ್ಪನೆ ಇಳಿಸಿ, ಸೆಟೆದು ನಿಂತ. ಆಮೇಲೆ ನೆನಪಾಗಿ, ಸೊಂಟಕ್ಕೆ ಕೈಯಿಟ್ಟುಕೊಂಡು ಮೆಲ್ಲಗೆ "ಅಮ್ಮಾ" ಎಂದು ನರಳಿದ.

ಬಸವಮ್ಮ ಮಗನ ಬೆನ್ನು ನೋಡಿದಳು, ಸೊಸೆಯ ಮುಖ ನೋಡಿದಳು. "ಎಂತ ನಾಟಕ ಇದು?" ಎಂದಳು.

ಮೇಘನಳಿಗೆ ಇನ್ನು ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದಳು. "ಹೋದ ಸಲ ಒಳಗೆ ನಿಂತಿದ್ಯೋ ಇಲ್ವೋ ಗೊತ್ತಾಗೋ ಮೊದ್ಲೇ ನೀವು ಎಲ್ರಿಗೂ ಹೇಳಿದ್ರಿ ಅತ್ತೆ. ಆಗ್ಲಿಲ್ಲ ಅಂತ ಹೇಳೋಕೆ ಉಳಿದೋಳು ನಾನೊಬ್ಳೇ. ನಂಗೆ ಬೇಜಾರಾಗಿತ್ತು."

ಬಸವಮ್ಮ ನೆಲದ ಮೇಲೆ ಉದುರಿದ್ದ ಸೊಪ್ಪನ್ನು ಒಂದೊಂದಾಗಿ ಆರಿಸತೊಡಗಿದಳು. "ಖುಷಿಗೆ ಹೇಳಿದ್ದು ಕಣೆ. ನಿಂಗೆ ಹಿಂಗೆ ಚುಚ್ಚುತ್ತೆ ಅಂತ ನನ್ನ ಮಂಡೆಗೆ ಹೊಳೀಲೇ ಇಲ್ಲ" ಎಂದಳು. ಮಗನ ಕಡೆ ತಿರುಗಿ, "ಹೋಗೋ, ಹಂಡೆಗೆ ನೀರು ತುಂಬು" ಎಂದಳು.

ರಕ್ತ ಕೊಟ್ಟು ಬಂದ ದಿನ ಸಂಜೆ ಆಸ್ಪತ್ರೆಯಿಂದ ಫೋನು ಬಂತು. ಗರ್ಭ ನಿಂತರೆ ಕಾಣುವ ಹಾರ್ಮೋನು ರಕ್ತದಲ್ಲಿ ಇದೆ, ಆದರೆ ಕಮ್ಮಿ ಇದೆ. ಹೌದು ಅನ್ನುವ ಹಾಗೂ ಇಲ್ಲ, ಇಲ್ಲ ಅನ್ನುವ ಹಾಗೂ ಇಲ್ಲ. ನಾಡಿದ್ದು ಮತ್ತೆ ರಕ್ತ ಕೊಡಿ, ಏರಿದ್ದರೆ ಒಳ್ಳೆಯದು. ಮೇಘನ ಕೂತಲ್ಲೇ ಕೂತಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಬಸವಮ್ಮ ಪಕ್ಕದಲ್ಲಿ ಬಂದು ಕೂತು ಅವಳ ಕೈ ಹಿಡಿದುಕೊಂಡಳು. "ಇದೆ ಅಂದ್ರಲ್ಲ. ಇವತ್ತಿಗೆ ಅಷ್ಟು ಸಾಕು."

ಅಷ್ಟರಲ್ಲಿ ಬಸವಮ್ಮನ ಫೋನು ಬಡಿದುಕೊಂಡಿತು. ಕೊಪ್ಪದ ದಾಕ್ಷಾಯಣಮ್ಮ. ಮೇಘನ ಅತ್ತೆಯ ಬಾಯಿಯನ್ನೇ ನೋಡಿದಳು.

"ಹೌದಕ್ಕ, ಶಿವಮೊಗ್ಗಕ್ಕೆ ಹೋಗಿದ್ರು. ಗಂಗಾಧರಂಗೆ ಬೆನ್ನು ನೋವು. ಮೇಘನನಾ?" ಬಸವಮ್ಮನ ಗಂಟಲಿನವರೆಗೆ ಬಂದ ಮಾತು ವಾಪಸು ಇಳಿದದ್ದು ಎದುರಿಗಿದ್ದವರಿಗೆ ಕಾಣುವಂತಿತ್ತು. "ಅವಳಿಗೆಂತ ಆಗಿದೆ? ಆರಾಮಾಗಿದಾಳೆ. ಇಡ್ತೀನಿ, ಒಲೆ ಮೇಲೆ ಹಾಲಿದೆ."

ಒಲೆಯ ಮೇಲೆ ಹಾಲೂ ಇರಲಿಲ್ಲ, ಗೀಲೂ ಇರಲಿಲ್ಲ. ಫೋನಿಟ್ಟು ಆಕೆ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು. ಅದನ್ನು ನೋಡಿ ಮೇಘನಳಿಗೆ ನಗು ಬಂತು, ಎಷ್ಟು ದಿನಗಳ ಮೇಲೋ.

"ನಗ್ಬೇಡ. ನಾಡಿದ್ದು ನಾನೂ ಬರ್ತೀನಿ ಕಣೆ" ಎಂದಳು ಬಸವಮ್ಮ. "ಒಬ್ಳೇ ಮನೇಲಿ ಕೂತ್ರೆ ಯಾರಿಗಾದ್ರೂ ಹೇಳಿಬಿಡ್ತೀನಿ."