ರಾಜೀನಾಮೆ ಬರೆಸಲು ಹೋದ ದುಂಡವ್ವ

ಕೆಲಸ ಬಿಡುವ ಕಾಗದವನ್ನು ಮಾಲೀಕರ ಕೈಯಲ್ಲೇ ಬರೆಸಲು ಹೊರಟವರನ್ನು ನೀವು ನೋಡಿರಲಿಕ್ಕಿಲ್ಲ. ದುಂಡವ್ವ ಹೊರಟಳು. ಪಾಪ, ಬೇರೆ ಯಾರ ಹತ್ತಿರ ಹೋಗಬೇಕೆಂದೇ ಅವಳಿಗೆ ಗೊತ್ತಿರಲಿಲ್ಲ. ಕುಮಾರಸ್ವಾಮಿ ಲೇಔಟಿನಲ್ಲಿ ಕಮಲಾದೇವಿಯವರ ರೊಟ್ಟಿ ಅಂಗಡಿ ಇದೆಯಲ್ಲ, ಅಲ್ಲಿ ಹದಿನಾಲ್ಕು ವರ್ಷದಿಂದ ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಗ್ಯಾಸಿನ ಅರ್ಜಿಯಿಂದ ಹಿಡಿದು ಮಗಳ ಶಾಲೆಯ ಫಾರಂವರೆಗೆ ಅವಳ ಕಾಗದಗಳನ್ನೆಲ್ಲ ಬರೆದುಕೊಟ್ಟವರು ಕಮಲಾದೇವಿಯೇ.

ಮಂಡಿನೋವಿನ ಕಮಲಾದೇವಿ ಈಗ ಅಂಗಡಿಯನ್ನು ರವಿಕುಮಾರ್ ಎಂಬುವವನಿಗೆ ಮಾರುತ್ತಿದ್ದರು. ಕರಾರಿಗೆ ಮಾರನೆಯ ದಿನ ಸಹಿ ಆಗಬೇಕು. ಎರಡು ದಿನದ ಹಿಂದೆಯೇ ರವಿಕುಮಾರ್ ದುಂಡವ್ವನನ್ನು ಪಕ್ಕಕ್ಕೆ ಕರೆದು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದ್ದ: "ಆಂಟಿ, ಒಂದು ರಿಸೈನ್ ಲೆಟರ್ ಕೊಟ್ಬಿಡಿ. ಹೊಸದಾಗಿ ಸೇರಿಸ್ಕೋತೀನಿ. ಆರು ತಿಂಗಳು ನೋಡಿ ಪರ್ಮನೆಂಟ್ ಮಾಡ್ತೀನಿ."

ಆರು ತಿಂಗಳಾದ ಮೇಲೆ ಬೇಡ ಅಂದುಬಿಟ್ಟರೆ? ಐವತ್ತೆರಡರ ಹೆಂಗಸಿಗೆ ಇನ್ಯಾರು ಕೆಲಸ ಕೊಡುತ್ತಾರೆ? ಆದರೆ ಹೊಸ ಸಾಹೇಬರು ಕೇಳಿದ್ದಾರೆ, ಕೊಡಲೇಬೇಕು ಅಂದುಕೊಂಡು ಒಂದು ಬಿಳಿ ಹಾಳೆ ಹಿಡಿದು ಪದ್ಮನಾಭನಗರದ ಕಮಲಾದೇವಿಯವರ ಮನೆಗೆ ಬಂದಳು.

"ಅಕ್ಕಾರ, ಒಂದ್ ರಾಜೀನಾಮಿ ಬರದ್ ಕೊಡ್ರಿ."

"ಯಾರದ್ದೇ?"

"ನಂದ ರೀ."

ಕಮಲಾದೇವಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸಿಡಿದರು.

"ನಿನ್ನ ತಲೆ ಮೇಲೆ ನೀನೇ ಚಪ್ಪಡಿ ಎಳ್ಕೊಳ್ಳೋದಲ್ದೆ, ಅದನ್ನ ನನ್ನ ಕೈಲಿ ಬರೆಸ್ತೀಯಾ? ಅಂಗಡಿ ಕೈ ಬದಲಾದ್ರೆ ನಿನ್ನ ಸರ್ವೀಸ್ ಎಲ್ಲಿಗೆ ಹೋಗುತ್ತೆ? ನೀನಾಗಿ ಬಿಟ್ಕೊಟ್ರೆ ಹೋಗುತ್ತೆ. ಅದಕ್ಕೇ ಅವನು ಕೇಳಿರೋದು!"

ಅಲ್ಲಿಯೇ ಫೋನ್ ಹಚ್ಚಿದರು.

"ರವಿಕುಮಾರ್, ಒಲೆ, ಹಂಚು, ಗಿರಾಕಿ ಎಲ್ಲಾ ತಗೋತಿದೀರಿ. ದುಂಡವ್ವನ ಹದಿನಾಲ್ಕು ವರ್ಷಾನೂ ತಗೋಬೇಕು. ಸಂಬಳ ಒಂದು ಪೈಸೆ ಇಳೀಬಾರ್ದು. ಕರಾರಲ್ಲಿ ಬರ್ಸಿ, ಇಲ್ಲಾಂದ್ರೆ ನಾಳೆ ನಾನು ಸಹಿ ಹಾಕಲ್ಲ."

"ಮೇಡಂ, ಎಲ್ಲಾ ಕಡೆ ಹಿಂಗೇ ಮಾಡ್ತಾರೆ..."

"ಎಲ್ಲಾ ಕಡೆ ಇರೋ ಅಂಗಡಿ ನಂದಲ್ಲ."

ರವಿಕುಮಾರ್ ಕೆಟ್ಟವನೇನಲ್ಲ, ಯಾರೋ ಹೇಳಿಕೊಟ್ಟ ಬುದ್ಧಿ ಅಷ್ಟೆ. ಅಂಗಡಿ ಕೈತಪ್ಪೀತೆಂದು ಮಾರನೆಯ ಬೆಳಿಗ್ಗೆ ಕರಾರಿನಲ್ಲಿ ಆ ಸಾಲು ಸೇರಿಸಿಕೊಂಡೇ ಬಂದ. ಸಹಿಗಳಾದ ಮೇಲೆ ದುಂಡವ್ವನಿಗೂ ಒಂದು ಪತ್ರ ಕೊಟ್ಟು, ತಾನೇ ಓದಿ ಹೇಳಿದ. ಹಳೆಯ ಸೇವೆ ಕಡಿಯದೆ ಮುಂದುವರಿಯುತ್ತದೆ, ಸಂಬಳವೂ ಹಾಗೇ ಇರುತ್ತದೆ. ಅವಳು ಇನ್ನೊಂದು ಸಲ ಓದಿಸಿದಳು. ಹೋದ ಜೀವ ಬಂದಂತಾಗಿ, ಎಲ್ಲರೆದುರಿಗೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಇನ್ನೇನಾದ್ರೂ ಕೇಳೋದಿದ್ಯಾ ಆಂಟಿ?" ಅಂದ ರವಿಕುಮಾರ್, ಸ್ವಲ್ಪ ನಾಚಿಕೊಂಡೇ.

ನಿನ್ನೆ ಸೇರಿದವಳಾಗಿದ್ದರೆ ಬಾಯಿ ಬಿಡುತ್ತಿರಲಿಲ್ಲ. ದುಂಡವ್ವ ಮುಖ ಒರೆಸಿಕೊಂಡು ಕೇಳಿಯೇಬಿಟ್ಟಳು.

"ನಾಳಿ ಒಂದ್ ದಿನ ರಜಾ ಕೊಡ್ರಿ ಸಾಹೇಬ್ರ. ನಿದ್ದಿಗೆಟ್ಟು ಮೂರ್ ದಿನ ಆತು, ಮಕ್ಕೋತೀನಿ."