ಹೆಸರು ಬೇಡ ಅಂದವಳು

ಏಜೆಂಟ್ ಹರೀಶ ಕುಂಬಾರಕೊಪ್ಪಲಿನ ಆ ಪುಟ್ಟ ಮನೆಯಲ್ಲಿ ಚಾಪೆಯ ಮೇಲೆ ಕೂತು ಮಹೇಂದ್ರನ ವಿಮೆಯ ಅರ್ಜಿ ತುಂಬುತ್ತಿದ್ದ. ನಾಮಿನಿ ಯಾರೆಂದು ಕೇಳಿದಾಗ ಮಹೇಂದ್ರ, "ನಮ್ಮಮ್ಮ, ಬೀರಮ್ಮ ಅಂತ ಬರ್ಕೊಳಿ" ಎಂದ. ನಾಮಿನಿ ಎಂದರೆ ಮಹೇಂದ್ರ ಸತ್ತರೆ ದುಡ್ಡು ಪಡೆಯುವವರು ಎಂದು ಹರೀಶ ಬಿಡಿಸಿ ಹೇಳಿದ್ದೇ ತಡ, ಒಲೆ ಮುಂದಿದ್ದ ಬೀರಮ್ಮ ಸೌಟು ಹಿಡಿದೇ ಎದ್ದು ಬಂದಳು.

"ಬುಡ್ತು ಅನ್ನು! ಮಗ ಸತ್ತ ದುಡ್ಡು ತಿನ್ನಕ್ಕೆ ನನ್ನೆಸ್ರಾ? ಮದ್ವೆ ಆಗ್ಲಿ, ಎಂಡ್ತಿ ಎಸ್ರು ಬರ್ಸುವಂತೆ. ಈಗ ಖಾಲಿ ಬುಡಪ್ಪ."

ಮಹೇಂದ್ರ ನಕ್ಕ. ಹರೀಶನೂ ನಕ್ಕು ಖಾಲಿ ಬಿಟ್ಟ. ಕಮಿಷನ್ ಬರುವುದಿದ್ದರೆ ಯಾರು ತಾನೇ ವಾದಕ್ಕೆ ನಿಲ್ಲುತ್ತಾರೆ?

ಹೆಣ್ಣು ನೋಡುವ ಮೊದಲೇ ರಿಂಗ್ ರಸ್ತೆಯಲ್ಲಿ ಲಾರಿಯೊಂದು ಮಹೇಂದ್ರನ ಬೈಕಿಗೆ ಗುದ್ದಿತು. ತಿಥಿ ಮುಗಿದ ಮೇಲೆ ಬೀರಮ್ಮನಿಗೆ ಉಳಿದದ್ದು ಒಂದೇ ಆಸೆ, ಮಗಳು ಗಗನಳ ನರ್ಸಿಂಗ್ ಸೀಟು. ಅಣ್ಣನೇ ಓಡಾಡಿ ಕೊಡಿಸಿದ ಸೀಟು ಅದು. ಫೀಸು ಕಟ್ಟದಿದ್ದರೆ ಕೈತಪ್ಪುತ್ತದೆ. ವಿಮೆಯವರು ವಾರಸುದಾರರ ಪತ್ರ ತನ್ನಿ ಎಂದರು.

ವಿಚಾರಣೆಗೆ ಬಂದ ಅಧಿಕಾರಿ ಹುಡುಗನ ತಾಯಿ ಯಾರೆಂದು ಕೇಳಿದಾಗ ಬೀದಿಗೆ ಬೀದಿಯೇ ಬೀರಮ್ಮನತ್ತ ಕೈ ತೋರಿಸಿತು. ಅವಳೂ "ನಾನೇ" ಎಂದಳು. ಶಾಲೆಯ ದಾಖಲೆಯಲ್ಲಿ ಮಾತ್ರ ಬೇರೆ ಹೆಸರಿತ್ತು, ಚಾಮುಂಡಮ್ಮ. ಮಗು ಹಾಲು ಬಿಡುವ ಮೊದಲೇ ಗಂಡ ಮಹದೇವುವನ್ನು ಬಿಟ್ಟು, ಹಿನಕಲ್‌ನಲ್ಲಿ ಇನ್ನೊಂದು ಸಂಸಾರ ಹೂಡಿದವಳು. ಆಮೇಲೆ ಮಹದೇವುವಿನ ಕೈಹಿಡಿದವಳು ಅದೇ ಬೀದಿಯ ಬೀರಮ್ಮ. ಅವನು ತೀರಿಕೊಂಡ ಮೇಲೂ ಕಂಡವರ ಮನೆಯ ಪಾತ್ರೆ ಉಜ್ಜಿ, ಮಹೇಂದ್ರನನ್ನೂ ತನಗೆ ಹುಟ್ಟಿದ ಗಗನಳನ್ನೂ ಓದಿಸಿದಳು.

ವಕೀಲ ಸಿದ್ದಲಿಂಗಸ್ವಾಮಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾಮಿನಿ ಇಲ್ಲ, ಮದುವೆ ಆಗಿಲ್ಲ, ಹೆತ್ತ ತಾಯಿ ಬದುಕಿದ್ದಾರೆ. ಅಷ್ಟೂ ದುಡ್ಡು ಅವರಿಗೇ ಕಣಮ್ಮ. ನಿಮಗೂ ಬರಲ್ಲ, ತಂಗಿಗೂ ಬರಲ್ಲ."

ಕಾನೂನಿಗೆ ಹೆತ್ತವಳು ಗೊತ್ತು. ಗೊಣ್ಣೆ ಒರೆಸಿದವಳ ಪರಿಚಯ ಅದಕ್ಕಿಲ್ಲ, ಏನು ಮಾಡೋಣ!

ತಾಲ್ಲೂಕು ಕಚೇರಿಗೆ ಚಾಮುಂಡಮ್ಮ ಬಂದ ದಿನ, ಬಾಯಿಗೆ ಬಂದಂತೆ ಬೈಯಬೇಕೆಂದೇ ಬೀರಮ್ಮ ಹೋಗಿದ್ದಳು. ಮಹೇಂದ್ರನ ಫೋಟೋ ಕಂಡದ್ದೇ ಆ ಹೆಂಗಸು ನೆಲಕ್ಕೆ ಕುಸಿದು ಅತ್ತಳು. ಆ ಅಳು ಸುಳ್ಳಾಗಿರಲಿಲ್ಲ, ಅದೇ ಬೀರಮ್ಮನ ಕೈಕಾಲು ಕಟ್ಟಿಹಾಕಿತು. ಚಾಮುಂಡಮ್ಮನ ಗಂಡ ಪುಟ್ಟಣ್ಣ ಮಾತ್ರ, "ಕಾನೂನು ಎಂಗದೋ ಅಂಗೇ ಆಗ್ಲಿ" ಎಂದು ಗೋಡೆ ನೋಡುತ್ತ ನಿಂತ.

ಹೆತ್ತವಳು ಚಾಮುಂಡಮ್ಮನೇ ಎಂದು ಹೇಳಲು ಸಾಕ್ಷಿ ಬೇಕಿತ್ತು. ಬೀದಿಯ ಹಳಬರೆಲ್ಲ ಹೋಗಿ, ಆಗಿನದನ್ನು ಕಂಡವಳು ಬೀರಮ್ಮ ಒಬ್ಬಳೇ ಉಳಿದಿದ್ದಳು. ಇಲ್ಲವೆಂದಿದ್ದರೂ ದುಡ್ಡು ಬೀರಮ್ಮನಿಗೆ ಬರುತ್ತಿರಲಿಲ್ಲ, ಅಲ್ಲೇ ಕೊಳೆಯುತ್ತಿತ್ತು. ಸಾಕ್ಷಿಯಾಗಿ ರುಜು ಹಾಕಿದಳು.

ಬಸ್ಸಿಗೆ ಕಾಯುವಾಗ ಗಗನ ಮೆಲ್ಲಗೆ ಕೇಳಿದಳು, "ಅಮ್ಮ, ಫೀಸಿಗೆ ಅವರನ್ನೇ ಕೇಳಣ್ವಾ? ಅಷ್ಟೊಂದು ಅತ್ರಲ್ಲ, ಕೊಡ್ಬೋದು."

"ಏನಂತ ಕೇಳ್ಲವ್ವ?" ಎಂದಳು ಬೀರಮ್ಮ. "ನಿಮ್ಮಣ್ಣಂಗೆ ನಾನು ಯಾರೂ ಅಲ್ಲ ಅಂತ ನಾನೇ ರುಜು ಆಕ್ಬುಟ್ಟು ಬಂದ್ನಲ್ಲ."